ಹನ್ನೆರಡನೆಯ ಮೊಳೆಯ ಕ್ಲಚ್ ಪ್ಲೇಟಿಗೆ

ಮಾನ್ಯ ಕ್ಲಚ್ ಪ್ಲೇಟ್ ಅವರೇ,

ನನ್ನ ತಮ್ಮನ ಗ್ಯಾರೇಜಿನ ಹಿಂಗೋಡೆಯಲ್ಲಿ, ಹನ್ನೆರಡನೆಯ ಮೊಳೆಯಲ್ಲಿ, ಫ್ಯಾನ್ ಬೆಲ್ಟುಗಳ ಗೊಂಚಲಿಗೂ ನಿಂತುಹೋದ ಗಡಿಯಾರಕ್ಕೂ ನಡುವೆ ತಾವು ನೆಮ್ಮದಿಯಿಂದ ನೇತಾಡುತ್ತಿದ್ದೀರೆಂದು ನಂಬಿದ್ದೇನೆ. ತಮಗಿಂತ ಮೊದಲೇ ಸುಟ್ಟು ಆ ಗೋಡೆ ಸೇರಿರುವ ಹಿರಿಯರಾದ ಹನ್ನೊಂದು ಪ್ಲೇಟುಗಳಿಗೂ ನನ್ನ ಗೌರವಪೂರ್ವಕ ವಂದನೆಗಳನ್ನು ತಲುಪಿಸಬೇಕಾಗಿ ಕೋರಿ, ತಮ್ಮ ಮೇಲಿನ ದೂರನ್ನು ತಮಗೇ ಸಲ್ಲಿಸುತ್ತಿದ್ದೇನೆ. ತಾವು ಕೆಲಸದಲ್ಲಿದ್ದಾಗಲೇ ಬರೆಯಬೇಕಾಗಿತ್ತು. ಆದರೆ ಆಗ ನಮ್ಮ ಪರಿಚಯ ಬರೀ ಕಾಲಿನ ಮಟ್ಟದ್ದು. ಪತ್ರ ಬರೆಯುವಷ್ಟು ಸಲುಗೆ ಬೆಳೆದಿರಲಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ, ಆಯಿಲ್ ಬದಲಾಯಿಸಲು ಬಂದು ಕಾಯುತ್ತ ಇದನ್ನು ಓದುವ ಗಿರಾಕಿಗಳ ಅನುಕೂಲಕ್ಕಾಗಿ ತಮ್ಮ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುವುದು ನನ್ನ ಕರ್ತವ್ಯ. ನಮ್ಮ ಮನೆಯವರ, ಅಂದರೆ ನನ್ನ ಗಂಡನ, ಬೂದು ಬಣ್ಣದ ಕಾರು ನೋಡಲು ಬಹಳ ಸಾಧು. ಎರಡು ವರ್ಷದ ಹಿಂದೆ ನನ್ನ ತಮ್ಮ ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಕಿವಿಯಲ್ಲಿ ಏನೋ ಊದಿದ ಮೇಲೆ ಅದರ ಬಲ ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚಿತು. ಈ ಏಳಿಗೆಯನ್ನು ಕಂಪನಿಯವರು ಕೊಟ್ಟಿದ್ದ ಕ್ಲಚ್ ಸಹಿಸಲಿಲ್ಲ. ನಾಲ್ಕನೆಯ ಗೇರಿನಲ್ಲಿ ಎಂಜಿನ್ ಅರಚುತ್ತಿದ್ದರೂ ಚಕ್ರಗಳು ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಇದ್ದ ವೇಗದಲ್ಲೇ ಉರುಳುತ್ತಿದ್ದವು. ಆಗ ಅದರ ಜಾಗಕ್ಕೆ, ಎಂಜಿನ್ನಿನ ಬಲವನ್ನೆಲ್ಲ ಬಿಗಿಯಾಗಿ ಹಿಡಿದು ಗೇರಿಗೆ ದಾಟಿಸಬಲ್ಲ ಗಟ್ಟಿ ಆಸಾಮಿಯಾದ ತಮ್ಮನ್ನು ಕರೆತರಲಾಯಿತು. ಅರವತ್ತು ಸಾವಿರ ಕಿಲೋಮೀಟರಿಗೆ ಮೋಸವಿಲ್ಲ ಎಂದು ನನ್ನ ತಮ್ಮ ಎದೆ ತಟ್ಟಿ ಹೇಳಿದ್ದ. ತಾವು ಮೂರು ಸಾವಿರದ ಒಂಬೈನೂರಕ್ಕೆ ಕೈಚೆಲ್ಲಿದಿರಿ.

ತಮ್ಮ ಆರೈಕೆಯಲ್ಲಿ ಕೊರತೆಯಾಯಿತೆಂದು ಯಾರೂ ಹೇಳುವಂತಿಲ್ಲ. ಹೊಸ ಕ್ಲಚ್ ಹದಗೊಳ್ಳಬೇಕಾದರೆ ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಬೇಕೆಂದು ಹೇಳಿದ್ದಕ್ಕೆ ನಮ್ಮ ಮನೆಯವರು ಎಷ್ಟು ಮೆಲ್ಲಗೆ ಓಡಿಸಿದರೆಂದರೆ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಂಚೆಯವರು ನಮ್ಮನ್ನು ಹಿಂದೆ ಹಾಕಿ, ಮುಂದೆ ಹೋಗಿ ನಿಂತು, ಏನಾದರೂ ಸಹಾಯ ಬೇಕೇ ಎಂದು ವಿಚಾರಿಸಿದರು. ನನ್ನ ಬಾಣಂತನದಲ್ಲಿ ನನಗೇ ಇಷ್ಟು ಉಪಚಾರ ನಡೆದಿರಲಿಲ್ಲ.

ಇನ್ನು ಗೋಡೆಯ ವಿಷಯ. ಸತ್ತ ಪ್ಲೇಟುಗಳನ್ನು ಗುಜರಿಗೆ ಹಾಕದೆ ಮೊಳೆಗೆ ನೇತುಹಾಕಿ, ಓಡಿಸಿದವರು ಯಾರು, ಎಷ್ಟು ಕಿಲೋಮೀಟರ್ ಬಾಳಿತು, ಯಾವುದರಿಂದ ಹೋಯಿತು ಎಂದು ಕೆಳಗೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ತಮ್ಮನ ಪದ್ಧತಿ. ‘ದಂತವೈದ್ಯರು, 11,000, ಸಿಗ್ನಲ್ಲಿನಲ್ಲಿ ಪಂಥ.’ ‘ಡ್ಯಾನ್ಸ್ ಮಾಸ್ಟರ್, 1,400, ಗೆಳೆಯರ ಮುಂದೆ.’ ಅತಿ ಕಡಿಮೆ ಆಯಸ್ಸಿನ ದಾಖಲೆ ಈ ಮಾಸ್ಟರ್ ಅವರದೇ. ಬಂದಾಗಲೆಲ್ಲ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಮ್ಮ ಕೆಳಗೆ ಬರೆದಿರುವುದು ಇಷ್ಟು: ‘ಭಾವ, 3,900, ಪೆಡಲ್ ಮೇಲೆ ಕಾಲು.’

ನನ್ನ ದೂರು ತಾವು ಸತ್ತದ್ದರ ಬಗ್ಗೆ ಅಲ್ಲ, ಸತ್ತ ಮೇಲೂ ಬಾಯಿ ಮುಚ್ಚಿಕೊಂಡಿರಲಾರದ ತಮ್ಮ ಸ್ವಭಾವದ ಬಗ್ಗೆ. ಮೂರು ವಾರದ ಹಿಂದೆ ಗೇರ್‌ಬಾಕ್ಸ್ ಇಳಿಸಿ ತಮ್ಮನ್ನು ಹೊರತೆಗೆದಾಗ ನಾವು ಮೂವರೂ ಎತ್ತಿ ನಿಲ್ಲಿಸಿದ ಕಾರಿನ ಕೆಳಗೆ ನಿಂತಿದ್ದೆವು. ನನ್ನ ತಮ್ಮ ತಮ್ಮನ್ನು ಅಂಗೈ ಮೇಲಿಟ್ಟು ನಿಧಾನವಾಗಿ ತಿರುಗಿಸಿದ. ಕಾರನ್ನು ನಿಂತಲ್ಲಿಂದ ಚಿಮ್ಮಿಸಿ ಓಡಿಸಿದ್ದರೆ ತಮ್ಮ ನಡುವಿನ ಸ್ಪ್ರಿಂಗುಗಳು ಮುರಿದಿರಬೇಕಿತ್ತಂತೆ, ಒಂದೂ ಅಲುಗಿರಲಿಲ್ಲ. ಮೈ ಮಾತ್ರ ಗಾಜಿನಂತೆ ನುಣುಪಾಗಿತ್ತು. ತಾವು ಒರಗಿಕೊಳ್ಳುತ್ತಿದ್ದ ಉಕ್ಕು ಸಣ್ಣ ಉರಿಯ ಮೇಲೆ ಬಹಳ ದಿನ ಕೂತಂತೆ ನೀಲಿಗಟ್ಟಿತ್ತು. ಅವನು ಹೇಳಿದ: “ಇದು ಓಡಿಸಿ ಕೊಂದಿದ್ದಲ್ಲ ಭಾವ, ಬೇಯಿಸಿ ಕೊಂದಿದ್ದು. ಕ್ಲಚ್ ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಾ?”

ಹುಚ್ಚಾಪಟ್ಟೆ ಓಡಿಸುತ್ತೀರಿ ಎಂದಿದ್ದರೆ ನಮ್ಮ ಮನೆಯವರು ಒಳಗೊಳಗೇ ಹಿಗ್ಗುತ್ತಿದ್ದರು. ಆದರೆ ಇದು ಕಲಿಯುವವರ ತಪ್ಪು. ಅವರ ಮುಖ ಕೆಂಪಾಯಿತು. “ಇಪ್ಪತ್ತೈದು ವರ್ಷದಿಂದ ಓಡಿಸ್ತಿದೀನಿ. ಪ್ಲೇಟ್ ಸರಿಯಿಲ್ಲ ಅನ್ನು, ಇಲ್ಲ ನೀನು ಕೂರಿಸಿದ್ದು ಸರಿಯಿಲ್ಲ ಅನ್ನು.” ನನ್ನ ತಮ್ಮ ಎರಡನ್ನೂ ಅನ್ನದೆ ಸೀಮೆಸುಣ್ಣ ಕೈಗೆತ್ತಿಕೊಂಡ. ಅಷ್ಟು ಹೊತ್ತೂ ತಮ್ಮ ಮೇಲೆ ಟಾರ್ಚ್ ಹಿಡಿದುಕೊಂಡು ನಿಂತಿದ್ದವಳು ನಾನು. ಬೆಳಕು ಒಮ್ಮೆ ಅಲುಗಿದ್ದನ್ನು ಅವರಿಬ್ಬರೂ ಗಮನಿಸಲಿಲ್ಲ. ತಾವು ಗಮನಿಸಿದಿರಿ ಎಂದು ನನಗೆ ಗೊತ್ತು.

ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ. ಹದಿನಾಲ್ಕು ವರ್ಷ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗೇರುಗಳ ಚಿತ್ರ ಬರೆದು ತೋರಿಸುತ್ತಿದ್ದ ನನ್ನ ತಮ್ಮ ಮೂರು ಭಾನುವಾರಗಳಿಂದ ಬಂದಿಲ್ಲ. ನಮ್ಮ ಮನೆಯವರಿಗೆ ಸಹೋದ್ಯೋಗಿಗಳು ಬೇಕಾದಷ್ಟಿದ್ದಾರೆ. ಸ್ನೇಹಿತ ಎಂದು ಇದ್ದವನು ಇವನೊಬ್ಬನೇ. ಈಗ ಅವರು ಊಟ ಮುಗಿಸಿ ಬಾಲ್ಕನಿಯಲ್ಲಿ ನಿಂತು ಯಾರದೋ ಕಾರಿನ ಸದ್ದು ಕೇಳಿ, ಅದರ ಬಗ್ಗೆ ಏನೋ ಹೇಳಲು ಬಾಯಿ ತೆರೆದು, ಪಕ್ಕದಲ್ಲಿರುವುದು ನಾನೆಂದು ಕಂಡು ಸುಮ್ಮನಾಗುತ್ತಾರೆ. ಕಾರು ಗೇರ್‌ಬಾಕ್ಸ್ ಇಲ್ಲದೆ ಇಲ್ಲೇ ಗ್ಯಾರೇಜಿನಲ್ಲಿ ನಿಂತಿದೆ. ಸೋಮವಾರ ಬೇರೆ ಗ್ಯಾರೇಜಿನವರು ಬಂದು ಎಳೆದುಕೊಂಡು ಹೋಗುವುದೆಂದು ತೀರ್ಮಾನವಾಗಿದೆ. ಇದನ್ನು ನಾನೇ ಫೋನಿನಲ್ಲಿ ತಿಳಿಸಿದಾಗ ನನ್ನ ತಮ್ಮ, “ಹೋಗ್ಲಿ ಬಿಡಕ್ಕ,” ಎಂದ. ನಾನು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವಳು. ಅಷ್ಟು ಸಣ್ಣ ದನಿಯನ್ನು ನನ್ನ ಪರೀಕ್ಷಾ ಕೋಣೆಯಲ್ಲಿ ಅರ್ಧಕ್ಕರ್ಧ ಜನ ಕೇಳಿಸಲಿಲ್ಲ ಎನ್ನುತ್ತಾರೆ. ನನಗೆ ಕೇಳಿಸಿತು.

ಈಗ ತಮ್ಮ ಪ್ರಾಮಾಣಿಕತೆಯನ್ನು ಮನಸಾರೆ ಹೊಗಳಲು ಅಪ್ಪಣೆಯಾಗಲಿ. ತಾವು ಹೇಳಿದ್ದೆಲ್ಲ ಸತ್ಯ. ಯಾರ ಕಾಲು ಎಂಬುದೊಂದನ್ನು ಮಾತ್ರ, ಗೇರ್‌ಬಾಕ್ಸಿನ ಕತ್ತಲೆಯಿಂದ ತಮಗೆ ಕಾಣದ ಕಾರಣ, ಹೇಳದೆ ಉಳಿಸಿದಿರಿ.

ಮಂಗಳವಾರದಿಂದ ಗುರುವಾರದವರೆಗೆ ನಮ್ಮ ಮನೆಯವರು ಕಂಪನಿಯ ಬಸ್ಸಿನಲ್ಲಿ ಹೋಗುತ್ತಾರೆ. ಆ ಮೂರು ದಿನ ಬೂದು ಕಾರು ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ನನಗೆ ನನ್ನದೇ ಆಟೊಮ್ಯಾಟಿಕ್ ಕಾರಿದೆ, ಅದರಲ್ಲಿ ಎಡಗಾಲಿಗೆ ನಿವೃತ್ತಿ ಕೊಟ್ಟು ಒಂಬತ್ತು ವರ್ಷವಾಗಿದೆ. ತಾವು ಬಂದ ಹೊಸತರಲ್ಲಿ ನಾನೂ ಒಮ್ಮೆ ಓಡಿಸುತ್ತೇನೆ ಎಂದಿದ್ದಕ್ಕೆ ನಮ್ಮ ಮನೆಯವರು, ಕೈಯಿಂದ ತರಕಾರಿ ಚೀಲ ಇಸಿದುಕೊಳ್ಳುವಷ್ಟೇ ಪ್ರೀತಿಯಿಂದ, “ಪೆಡಲ್ ನಿನಗೆ ಭಾರ ಆಗುತ್ತೆ ಕಣೇ,” ಎಂದರು. ಬೇಡ ಅಂದಿದ್ದರೆ ಸುಮ್ಮನಿರುತ್ತಿದ್ದೆ. ಭಾರ ಅಂದರು.

ಹಾಗಾಗಿ ಎಂಟು ವಾರ, ವಾರಕ್ಕೆ ಮೂರು ದಿನ, ಹೋಗಿಬರಲು ಹನ್ನೆರಡು ಕಿಲೋಮೀಟರ್ ನಾನು ತಮ್ಮ ಜೊತೆ ಪ್ರಯಾಣ ಮಾಡಿದೆ. ಸೀಟನ್ನು ನಾಲ್ಕು ಕ್ಲಿಕ್ ಮುಂದೆ ಎಳೆಯುತ್ತಿದ್ದೆ, ಇಳಿಯುವ ಮೊದಲು ನಾಲ್ಕೇ ಕ್ಲಿಕ್ ಹಿಂದೆ ತಳ್ಳುತ್ತಿದ್ದೆ. ಹೆಚ್ಚಾದ ಕಿಲೋಮೀಟರುಗಳು ಪತ್ತೆಯಾಗಲಿಲ್ಲ. ನಮ್ಮ ಮನೆಯವರು ಟರ್ಬೊ ಮೀಟರಿನ ಮುಳ್ಳನ್ನು ಬಿಟ್ಟು ಬೇರೇನನ್ನೂ ನೋಡುವವರಲ್ಲ. ಮೇಲುಸೇತುವೆಯ ಮೇಲೆ ಮೂರನೆಯ ಗೇರಿನಲ್ಲಿ ಒಂದು ಅರ್ಧ ನಿಮಿಷ ಸಿಗುತ್ತಿತ್ತು. ಆ ಅರ್ಧ ನಿಮಿಷದ ಬಗ್ಗೆ ಪಶ್ಚಾತ್ತಾಪ ಪಡಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದೇನೆ, ಆಗಿಲ್ಲ.

ತಮಗೆ ಕುತ್ತು ಬಂದದ್ದು ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡದಲ್ಲಿ. ಐದು ಮಹಡಿಗಳ ಸುತ್ತು ಏರು, ಬೆಳಿಗ್ಗೆ ಎಂಟೂವರೆಯ ಸಾಲು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಕಾರು ಕಲಿಸಿದ ಡ್ರೈವಿಂಗ್ ಶಾಲೆಯ ಮೇಷ್ಟ್ರು, “ಕಾಲು ಕ್ಲಚ್ ಮೇಲೇ ಇರ್ಲಿ ತಾಯಿ, ಗಾಡಿ ಆಫ್ ಆದ್ರೆ ನನ್ನ ಮಾನ ಹೋಗುತ್ತೆ,” ಎನ್ನುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಅಭ್ಯಾಸ. ಪ್ರತಿ ಮಹಡಿಯ ಏರಿನಲ್ಲೂ ಬ್ರೇಕ್ ಮುಟ್ಟದೆ, ಕಾರು ಹಿಂದೆಯೂ ಜಾರದಂತೆ ಮುಂದೆಯೂ ಹೋಗದಂತೆ, ತಮ್ಮೊಬ್ಬರ ಬಲದ ಮೇಲೆ ತೂಗಿ ನಿಲ್ಲಿಸಿ, ಮೇಷ್ಟ್ರ ಮಾನ ಕಾಪಾಡಿದೆ. ಒಮ್ಮೆ ನಾಲ್ಕನೆಯ ಮಹಡಿಯ ಕಾವಲುಗಾರ ಕಿಟಕಿಯ ಹತ್ತಿರ ಬಗ್ಗಿ, “ಮೇಡಂ, ಏನೋ ಸುಟ್ಟ ವಾಸನೆ,” ಎಂದ. ನಾನು ಮುಂದಿದ್ದ ಬಡಪಾಯಿ ಕಾರಿನ ಕಡೆ ಕನಿಕರದಿಂದ ನೋಡಿ, ಅವರದ್ದಿರಬೇಕು ಎಂದೆ.

ಕೊನೆಯ ವಾರಗಳಲ್ಲಿ ಪೆಡಲ್ ಒತ್ತಿದಾಗಲೆಲ್ಲ ಸಣ್ಣಗೆ, ಸೊಳ್ಳೆಯ ಹಾಗೆ ಒಂದು ಸದ್ದು ಬರುತ್ತಿತ್ತು. ಕೇಳಿಸುತ್ತಿದೆಯೇ ಎಂದು ನಮ್ಮ ಮನೆಯವರನ್ನು ಕೇಳಿದ್ದೆ. ಇಲ್ಲ ಎಂದರು. ಅವರ ವಯಸ್ಸಿಗೆ ಆ ಸ್ವರ ಕೇಳಿಸುವುದಿಲ್ಲ ಎಂದು ವೃತ್ತಿಯಿಂದ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆನೇ ಎಂದು ಈಗ ಯೋಚಿಸುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ದಯವಿಟ್ಟು ಮೈಮೇಲಿನ ನುಣುಪನ್ನು ಒರೆಸಿಕೊಂಡು ಮತ್ತೆ ಒರಟಾಗಬೇಕು. ಅದು ಆಗದಿದ್ದಲ್ಲಿ ತಮ್ಮ ಒಂದೆರಡು ಸ್ಪ್ರಿಂಗುಗಳನ್ನಾದರೂ ತಾವೇ ಮುರಿದುಕೊಂಡು, ಭಾವನವರು ವೀರನಂತೆ ಓಡಿಸಿದ್ದರಿಂದಲೇ ಹೀಗಾಯಿತೆಂದು ಹೇಳಿಕೆ ತಿದ್ದಬೇಕು. ಅದೂ ನಿಯಮಕ್ಕೆ ವಿರುದ್ಧವಾದರೆ ವಯಸ್ಸಾಗಿ ಸತ್ತೆ ಎನ್ನಬೇಕು; ಮೂರು ಸಾವಿರದ ಒಂಬೈನೂರು ಸಣ್ಣ ವಯಸ್ಸೇನಲ್ಲ ಎಂದು ಒತ್ತಿ ಹೇಳಿದರೆ ಯಾರಾದರೂ ನಂಬಿಯಾರು.

ಇವೆಲ್ಲವನ್ನೂ ತಾವು ಮೌನವಾಗಿ ತಿರಸ್ಕರಿಸಿದ್ದೀರೆಂದು ಭಾವಿಸಿದ್ದೇನೆ. ಟಾರ್ಚ್ ಹಿಡಿದು ನಿಂತ ಆ ನಿಮಿಷದಲ್ಲೇ ಹೇಳಿದ್ದರೆ ಅದು ಬರೀ ತಪ್ಪಾಗಿರುತ್ತಿತ್ತು. ಮೂರು ವಾರ ಕಳೆದು ಈಗ ಸುಳ್ಳಾಗಿದೆ, ಸೋಮವಾರದ ನಂತರ ಅದಕ್ಕೆ ಇನ್ನೂ ಕೆಟ್ಟ ಹೆಸರಿರುತ್ತದೆ. ಭಾರ ಆಗುತ್ತೆ ಎಂದು ನಾನು ಮೊದಲೇ ಹೇಳಿರಲಿಲ್ಲವಾ ಎಂಬ ನಮ್ಮ ಮನೆಯವರ ಒಂದು ಮಾತು ಕೇಳಬೇಕಾಗುತ್ತದೆಂದು ಹೆದರಿ, ಒಬ್ಬರ ಕೈಗುಣವನ್ನೂ ಇನ್ನೊಬ್ಬರ ಕಾಲ್ಗುಣವನ್ನೂ ಅನುಮಾನಕ್ಕೆ ಬಿಟ್ಟುಕೊಟ್ಟೆ. ಇಂದು ಶನಿವಾರ ಮಧ್ಯಾಹ್ನ, ನನ್ನ ತಮ್ಮ ಊಟಕ್ಕೆ ಹೋಗಿರುವಾಗ, ಒದ್ದೆ ಬಟ್ಟೆಯಲ್ಲಿ ‘ಭಾವ’ ಎಂಬುದನ್ನು ಒರೆಸಿ ಅಲ್ಲಿ ‘ಅಕ್ಕ’ ಎಂದು ಬರೆದು, ಈ ಪತ್ರವನ್ನು ತಮ್ಮ ಮೊಳೆಗೇ ಸಿಕ್ಕಿಸುತ್ತಿದ್ದೇನೆ. ಅಡಚಣೆಗೆ ಕ್ಷಮೆಯಿರಲಿ.

ಇಂತಿ ತಮ್ಮ ವಿಶ್ವಾಸಿ,
ಟಾರ್ಚ್ ಹಿಡಿದಿದ್ದವಳು

ಮರೆತ ಮಾತು: ಇದನ್ನು ಭಾನುವಾರ ಸೇರಿಸುತ್ತಿದ್ದೇನೆ. ನನ್ನ ತಮ್ಮ ಪತ್ರ ಪೂರ್ತಿ ಓದಿ, 3,900 ಎಂಬುದನ್ನು ಒರೆಸಿದನಂತೆ. ಅದರಲ್ಲಿ ಅಕ್ಕನ ಪಾಲು ಎಷ್ಟೋ ಅಷ್ಟನ್ನೇ ಬರೆಯುವುದು ನ್ಯಾಯವೆಂದು ಲೆಕ್ಕ ಹಾಕಿ, ‘ಅಕ್ಕ, 288’ ಎಂದು ತಿದ್ದಿ, ಭಾವನಿಗೆ ಫೋನ್ ಮಾಡಿದ. ನಮ್ಮ ಮನೆಯವರು ನನ್ನೊಂದಿಗೆ ಗ್ಯಾರೇಜಿಗೆ ಬಂದು ಪತ್ರವನ್ನು ಎರಡು ಸಲ ಓದಿದರು. ನಾನು ಆ ಒಂದು ಮಾತಿಗಾಗಿ ಕಾದೆ. ಅವರು ಗೋಡೆಯನ್ನೇ ನೋಡುತ್ತ, ಮದುವೆಯಾದಾಗಿನಿಂದ ನನ್ನ ಬಗ್ಗೆ ಎಂದೂ ತೋರಿಸದಿದ್ದ ಗೌರವದಿಂದ, “ಇನ್ನೂರ ಎಂಬತ್ತೆಂಟಾ? ಬೇಕು ಅಂತ ಮಾಡಿದ್ರೂ ನನ್ನ ಕೈಲಿ ಆಗ್ತಿರ್ಲಿಲ್ಲ ಕಣೋ,” ಎಂದರು. ಡ್ಯಾನ್ಸ್ ಮಾಸ್ಟರಿಗೆ ಸುದ್ದಿ ಮುಟ್ಟಿದೆ, ಬಹಳ ನೊಂದುಕೊಂಡಿದ್ದಾರೆ. ಸೋಮವಾರದವರಿಗೆ ಬರಬೇಡಿ ಎಂದು ಹೇಳಿಯಾಗಿದೆ. ತಮ್ಮ ಉತ್ತರಾಧಿಕಾರಿ ಬುಧವಾರ ಬರುತ್ತಾರೆ, ಅವರ ಪೆಡಲ್ ಇನ್ನೂ ಭಾರವಂತೆ, ಮೊದಲ ಸಾವಿರ ಕಿಲೋಮೀಟರ್ ಓಡಿಸಲು ನಾನು ಒಪ್ಪಿಕೊಂಡಿದ್ದೇನೆ. ಹ್ಯಾಂಡ್‌ಬ್ರೇಕ್ ಹಿಡಿದು ಏರು ಹತ್ತುವುದನ್ನು ಪಕ್ಕದಲ್ಲಿ ಕೂತು ಯಾರು ಕಲಿಸಬೇಕೆಂದು ಭಾವನೂ ಮೆಕ್ಯಾನಿಕ್ಕೂ ಊಟದ ತಟ್ಟೆಯ ಮುಂದೆ ಜಗಳವಾಡುತ್ತಿದ್ದಾರೆ. ತಮಗೆ ಗೋಡೆಯಲ್ಲಿ ಬೇಸರವಾಗದಿರಲೆಂದು ಪಕ್ಕದಲ್ಲಿ ಹದಿಮೂರನೆಯ ಮೊಳೆಯನ್ನು ಈಗಾಗಲೇ ಹೊಡೆದಿಟ್ಟಿದ್ದಾರೆ. ಅದನ್ನು ಹೊಡೆಯುವಾಗ ಟಾರ್ಚ್ ಹಿಡಿಯಲು ನನ್ನನ್ನೇ ಕರೆದರು.