ಕೊಳವೆಯ ಮೂತಿ

ಹೊಸದುರ್ಗದ ಗುಮಾಸ್ತ ಶಿವಕುಮಾರಪ್ಪನ ಮನೆಯಲ್ಲಿ ಜಗಳವೆಂದರೆ ಒಂದೇ, ಅಡುಗೆಮನೆಯ ಹೊಗೆಯದು. ಸೀಮೆಎಣ್ಣೆಗೆ ಊರೆಲ್ಲ ಸಾಲು ನಿಲ್ಲುತ್ತಿದ್ದ ಕಾಲ. ಸೌದೆ ಒಲೆಯೇ ಗತಿ. ಹೆಂಡತಿ ದಾಕ್ಷಾಯಣಮ್ಮ ಒಳಗೆ ಊದುಕೊಳವೆ ಹಿಡಿದು ಕೆಮ್ಮುತ್ತಿದ್ದರೆ, ಇವನು ಪಡಸಾಲೆಯ ಆರಾಮಕುರ್ಚಿಯಲ್ಲಿ ಪೇಪರು ಬಿಡಿಸಿಕೊಂಡು, "ನಂಗೆ ಹೊಗೆ ಆಗಲ್ಲ ಕಣೆ. ಇಲ್ದಿದ್ರೆ ಬಂದು ಈರುಳ್ಳಿನಾದ್ರೂ ಹೆಚ್ಚಿಕೊಡ್ತಿದ್ದೆ" ಎನ್ನುತ್ತಿದ್ದ.

ಈ ಮಾತು ಕೇಳಿ ಕೇಳಿ ಸಾಕಾಗಿ ಅವಳು ಊದಿದ ಕಣ್ಣುಗಳೊಂದಿಗೆ ಬಾಗೂರಿನ ತವರಿಗೆ ಹೊರಟುಹೋದಳು. ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದಳು: "ಭಾನುವಾರ ಸಾಯಂಕಾಲದ ಬಸ್ಸಿಗೆ ಬಂದು ನೋಡ್ತೀನಿ. ಹೊಗೆ ಇದ್ರೆ ಅದೇ ಬಸ್ಸಿಗೆ ವಾಪಸ್ಸು."

ತಾನೇ ಬೇಯಿಸಿದ ಅನ್ನ ತಿಂದು ತಿಂದು ಶಿವಕುಮಾರಪ್ಪ ನೆನೆದ ಗೋಣಿಚೀಲದಂತೆ ಜೋತುಬಿದ್ದಿದ್ದ. ಲೈಬ್ರರಿಯ ಮ್ಯಾಗಜೀನಿನಲ್ಲಿ ನೋಡಿದ ಪರದೇಶದ ಮನೆಯೊಂದರ ಚಿತ್ರ ನೆನಪಾಯಿತು. ಅಲ್ಲಿ ಹಳೆಯ ಒಲೆಯ ಗೂಡಿನೊಳಕ್ಕೇ ಕಬ್ಬಿಣದ ಪೆಟ್ಟಿಗೆ ಕೂರಿಸಿ, ಅದರ ಬೆನ್ನಿಗೆ ಕೊಳವೆ ಜೋಡಿಸಿ, ಹೊಗೆಯನ್ನು ಸೂರಿನ ಆಚೆ ಕಳಿಸಿಬಿಡುತ್ತಾರೆ. ಕಮ್ಮಾರ ಮುದ್ದಪ್ಪನ ಹತ್ತಿರ ಓಡಿ, ತನ್ನ ಒಲೆ ಎರಡು ಗೇಣು ಅಗಲವೆಂದು ಹೇಳಿ ಬಂದ.

ಭಾನುವಾರ ಬೆಳಿಗ್ಗೆ ಮುದ್ದಪ್ಪ ಪೆಟ್ಟಿಗೆ ತಂದ. ಒಲೆಯ ಮುಂದೆ ಇಟ್ಟು ನೋಡಿದರೆ ಒಲೆಗಿಂತ ಪೆಟ್ಟಿಗೆಯೇ ದೊಡ್ಡದು! ಗುಮಾಸ್ತ ಅಳೆದದ್ದು ಪೆನ್ನು ಹಿಡಿಯುವ ಕೈಯಲ್ಲಿ, ಮುದ್ದಪ್ಪ ಅಳೆದದ್ದು ಸುತ್ತಿಗೆ ಹಿಡಿಯುವ ಕೈಯಲ್ಲಿ.

"ಯಾರ್ ಗೇಣು ಅಂತ ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ" ಎಂದ ಮುದ್ದಪ್ಪ ಸಮಾಧಾನವಾಗಿ. "ಒಲೆ ಅಂಚು ಒಡೀರಿ, ಕೂರ್ತೈತೆ."

ಪೆಟ್ಟಿಗೆ ಎಳೆದಾಡಿದ ಸದ್ದಿಗೆ ಪಕ್ಕದ ಮನೆಯ ಮುದುಕಿ ಕೊಟ್ರಮ್ಮ ಓಡಿಬಂದಳು. "ಲೇ ಶಿವ್ಕುಮಾರ, ಹೆಂಡ್ತಿ ಇಲ್ದಾಗ ಒಲೆ ಒಡೀತೀಯಲ್ಲೋ! ಒಂದು ಹೂವನ್ನಾರ ಇಟ್ಟು ಕೈ ಮುಗಿದ್ಯೇನೋ?"

"ಇಲ್ಲ ದೊಡ್ಡಮ್ಮ."

"ಮುಗಿ ಮೊದ್ಲು!"

ಹೂವಿಟ್ಟು, ಕೈಮುಗಿದು, ಒಂದು ಏಟು ಹಾಕಿದ. ಅಂಚು ಹೋಗಬೇಕಾದಲ್ಲಿ ಒಲೆಯೇ ಪೂರಾ ಕುಸಿಯಿತು. ಕೊಟ್ರಮ್ಮ ಬೈಯುತ್ತಲೇ ಸೆರಗು ಸಿಕ್ಕಿಸಿ, ಮಣ್ಣು ಕಲಸಿ, ಪೆಟ್ಟಿಗೆಯ ಸುತ್ತ ಮೆತ್ತಿದಳು. ಅವನು ಬೆಳಗಿನಿಂದ ಏನೂ ತಿಂದಿಲ್ಲವೆಂದು ಮುಖ ನೋಡಿಯೇ ತಿಳಿದು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಟ್ಟಳು. ಬೈಗುಳ ಮಾತ್ರ ನಿಲ್ಲಿಸಲಿಲ್ಲ.

ಆ ಬೀದಿಯವೆಲ್ಲ ಮಣ್ಣಿನ ಮಾಳಿಗೆಯ ಮನೆಗಳು, ಹೆಗಲಿಗೆ ಹೆಗಲು ತಾಗಿಸಿ ನಿಂತಂಥವು. ಇನ್ನೊಂದು ಪಕ್ಕದ ಕುರಿ ಓಬಣ್ಣ ಮಾಳಿಗೆ ಹತ್ತಿ, ಅಡುಗೆಮನೆಯ ಬೆಳಕಿಂಡಿಯಿಂದ ಕೊಳವೆಯನ್ನು ಮೇಲೆಳೆದು, ಅದರ ತುದಿಗೆ ಬಾಗಿದ ಮೂತಿ ಸಿಕ್ಕಿಸಿದ. ಕೆಳಗೆ ಸೌದೆ ಹಚ್ಚಿದರು. ಒಳಗೆ ಒಂದೆಳೆ ಹೊಗೆಯಿಲ್ಲ! ಶಿವಕುಮಾರಪ್ಪ ಮುದ್ದಪ್ಪನನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಅಷ್ಟರಲ್ಲಿ ಸಂಡಿಗೆ ಒಣಹಾಕಿದ್ದ ಪಕ್ಕದ ಮಾಳಿಗೆಯಿಂದ ಕೊಟ್ರಮ್ಮನ ಕೂಗು: "ಅಯ್ಯೋ ನನ್ನ ಸಂಡಿಗೆ! ಹೊಗೆ ಕುಡ್ದ ಸಂಡಿಗೆ ಯಾರ್ ತಿಂತಾರೋ?"

ಶಿವಕುಮಾರಪ್ಪ ಮೇಲೆ ಹತ್ತಿ, ಒದ್ದೆ ಗೋಣಿಯಲ್ಲಿ ಹಿಡಿದು ಮೂತಿಯನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿದ.

"ಗುಮಾಸ್ತ್ರೇ, ಆ ಕಡೆ ನನ್ ಕಂಬ್ಳಿ ಒಣಗಾಕೀನಿ!" ಎಂದ ಓಬಣ್ಣ.

ಹಿಂದಕ್ಕೆ ತಿರುಗಿಸಿದ. ಹಿಂದಿನ ಮನೆಯ ದುರುಗಕ್ಕ ಪೊರಕೆ ಹಿಡಿದೇ ಮೇಲೆ ಬಂದಳು. "ನನ್ ಮಗ್ಳು ಬಾಣಂತಿ ಐದಾಳೆ. ಕೂಸಿಗೆ ಹೊಗೆ ನಾವೇ ಹಾಕ್ತೀವಿ, ನಿಮ್ದು ಬ್ಯಾಡ!"

ಮೂತಿ ಸಂತೆಯಲ್ಲಿ ದಾರಿ ತಪ್ಪಿದವನಂತೆ ಸುತ್ತುತ್ತಲೇ ಇತ್ತು. ದೂರದಲ್ಲಿ ಬಾಗೂರಿನ ಬಸ್ಸು ಹಾರನ್ನು ಹೊಡೆಯಿತು. "ಯಾ ಕಡೆಗಾದ್ರೂ ಮಾಡ್ಕಳ್ರಪ್ಪ! ಅಡುಗೆಮನೇಲಿ ಹೊಗೆ ಇರಬಾರ್ದು, ಅಷ್ಟೇ!" ಎಂದು ಶಿವಕುಮಾರಪ್ಪ ಏಣಿಯಿಳಿದು ಓಡಿದ.

ದಾಕ್ಷಾಯಣಮ್ಮ ಕೈಚೀಲ ಕೆಳಗಿಡದೆ ನೇರ ಅಡುಗೆಮನೆಗೆ ನಡೆದಳು. ಉರಿಯುವ ಒಲೆಯ ಮುಂದೆ ಕುಳಿತಳು. ಮೂಗೆಳೆದು ನೋಡಿದಳು. ಗಂಡ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನ್ರೀ ಇದು! ಕಣ್ಣು ಉರೀತಾನೇ ಇಲ್ಲ!"

ಹೊರಗೆ ಬಸ್ಸು ಹಾರನ್ನು ಹೊಡೆದು ಹೊರಟೇಹೋಯಿತು. ಅವಳು ಕೈಚೀಲ ಕೆಳಗಿಟ್ಟಳು. ಗೋಡೆಯಾಚೆ ಕಿವಿಗೊಟ್ಟಿದ್ದ ಕೊಟ್ರಮ್ಮ, "ಸದ್ಯ, ನಮ್ಮಪ್ಪ!" ಎಂದದ್ದು ಈಚೆಗೂ ಕೇಳಿಸಿತು.

ಶಿವಕುಮಾರಪ್ಪ ಹಾಯಾಗಿ ಆರಾಮಕುರ್ಚಿಗೆ ಬಿದ್ದು ಪೇಪರು ಬಿಡಿಸಿದ. ಅಕ್ಷರಗಳು ಮಸುಕಾದವು. ಕೆಮ್ಮು ಬಂತು. ತಲೆಯೆತ್ತಿದರೆ ಪಡಸಾಲೆಯ ಬೆಳಕಿಂಡಿಯಿಂದ ಹೊಗೆ ಹಗ್ಗದಂತೆ ಇಳಿದು ನೇರ ಕುರ್ಚಿಗೇ ಬರುತ್ತಿತ್ತು.

"ಓಬಣ್ಣ! ಮೂತಿ ಇಲ್ಲಿಗ್ಯಾಕೋ ತಿರುಗಿಸ್ದೆ?"

"ಇನ್ನೆಲ್ಲಿಗ್ ತಿರುಗಿಸ್ಲಿ ಹೇಳ್ರಿ?" ಮೇಲಿಂದ ಉತ್ತರ ಬಂತು. "ನಿಮ್ ಮಾಳ್ಗೆ ಮ್ಯಾಲೆ ಯಾರ್ದೂ ತಕರಾರಿಲ್ಲ. ಅಡುಗೆಮನೇಲಿ ಇರಬಾರ್ದು ಅಷ್ಟೇ ಅಂತ ನೀವೇ ಅಂದ್ರಲ್ಲ!"

"ಅಲ್ಯಾಕೆ ಕೆಮ್ತಾ ಕುಂತೀರಿ? ಒಳಗ್ ಬರ್ರಿ" ಎಂದು ದಾಕ್ಷಾಯಣಮ್ಮ ಅಕ್ಕರೆಯಿಂದ ಕರೆದಳು. "ಮನೇಲಿ ಹೊಗೆ ಇಲ್ದಿರೋ ಜಾಗ ಈಗ ಇದೊಂದೇ." ಅವನು ಒಳಗೆ ಬರುವಷ್ಟರಲ್ಲಿ ಈಳಿಗೆ ಮಣೆ ಹಾಕಿ, ತವರಿನಿಂದ ತಂದ ಈರುಳ್ಳಿಯನ್ನು ಪಕ್ಕಕ್ಕೆ ಸುರಿದಿದ್ದಳು.

ಕೊಟ್ರಮ್ಮ ಹೊಸ ಒಲೆಯಲ್ಲಿ ಕರಿಯಲೆಂದು ಹಳೆಯ ಸಂಡಿಗೆ ತಂದಾಗ ಶಿವಕುಮಾರಪ್ಪನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಯಾಕೋ? ಇನ್ನೂ ಹೊಗೆ ಹಾಕ್ತೈತೇನೋ ಒಲೆ?"

"ಇಲ್ಲ ದೊಡ್ಡಮ್ಮ" ಎಂದ ಅವನು, ತೋಳಿಗೆ ಮೂಗೊರೆಸಿ ಇನ್ನೊಂದು ಈರುಳ್ಳಿ ಎತ್ತಿಕೊಳ್ಳುತ್ತ. "ಹೊಗೆ ಪೂರಾ ಹೋಯ್ತು."