ಅಳದೇ ಮುಗಿಸಿದ ಭಾಷಣ

‘ಸಂಜೆ ನಾಲ್ಕಕ್ಕೆ ಬೀಳ್ಕೊಡುಗೆಯ ಸಭೆ. ಮುಖ್ಯ ಭಾಷಣ ತಮ್ಮದು’ ಎಂಬ ಚೀಟಿ ಕೈಗೆ ಬಂದಾಗ ಗುತ್ತೆಪ್ಪ ಮಾಸ್ತರರು ಬಾಯಿ ಮುಕ್ಕಳಿಸುತ್ತಿದ್ದರು. ಓದಿ ಮುಗಿಸಿ, ಬಾಯೊಳಗಿನ ನೀರನ್ನು ಉಗುಳುವುದು ಬಿಟ್ಟು ನುಂಗಿಬಿಟ್ಟರು.

೧೯೬೨ರ ಮಾತು. ತಿಳವಳ್ಳಿಯ ಹೆಡ್‌ಮಾಸ್ತರ ಜಮಾಲಸಾಬರು ಅವತ್ತು ನಿವೃತ್ತರಾಗುವವರಿದ್ದರು. ಗುತ್ತೆಪ್ಪನ ಅಪ್ಪ ತೀರಿಕೊಂಡಾಗ ಗುತ್ತೆಪ್ಪನಿಗೆ ಒಂಬತ್ತು ವರ್ಷ. ದನ ಕಾಯಲು ಹೊರಟಿದ್ದ ಅವನನ್ನು ಕಿವಿ ಹಿಡಿದು ತಂದು ಮತ್ತೆ ಶಾಲೆಯಲ್ಲಿ ಕೂಡಿಸಿದವರು ಇದೇ ಜಮಾಲಸಾಬರು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗುವ ತನಕ ಮಧ್ಯಾಹ್ನದ ರೊಟ್ಟಿ ಹಾಕಿದವರು ಅವರ ಹೆಂಡತಿ ಹಮೀದುನ್ನೀಸಾ.

ಹೀಗಾಗಿ ಹೇಳಲು ಮಾತಿಗೇನೂ ಬರವಿರಲಿಲ್ಲ. ತೊಂದರೆ ಇದ್ದದ್ದು ಕಣ್ಣಿನದು. ಮನಸ್ಸು ಸ್ವಲ್ಪ ತುಂಬಿ ಬಂತೆಂದರೆ ಸಾಕು, ಗುತ್ತೆಪ್ಪ ಮಾಸ್ತರರ ದನಿ ತೂತು ಬಿದ್ದ ಹಾರ್ಮೋನಿಯಮ್ಮಿನಂತೆ ಕೀರಲಾಗಿ, ಕಡೆಗೆ ಬರೀ ಗಾಳಿ ಬರುತ್ತಿತ್ತು. ತಂಗಿಯ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಮೊದಲೇ ಅವರು ಅತ್ತ ಪರಿ ನೋಡಿ, ಬೀಗರು ತಮ್ಮ ಹುಡುಗನ ಜಾತಕವನ್ನು ಇನ್ನೊಮ್ಮೆ ತೆಗೆಸಿ ನೋಡಿದ್ದರು.

“ಓಮಿನ ಕಷಾಯ ಕುಡೀರಿ, ಎದಿ ಗಟ್ಟಿ ಆಕೈತಿ,” ಎಂದು ಹೆಂಡತಿ ಅನ್ನವ್ವ ಒಂದು ಚರಿಗೆ ತುಂಬ ತಂದಿಟ್ಟಳು. ಕುಡಿದರು. ಎದೆ ಹಾಗೇ ಇತ್ತು, ಹೊಟ್ಟೆಯಲ್ಲಿ ಮಾತ್ರ ಗುಡುಗು ಸುರುವಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಉಳಿವೆಪ್ಪ ಮಾಸ್ತರರು ಬಂದರು. ಅದೇ ಶಾಲೆಯವರು, ಚೀಟಿ ಬರೆದವರೂ ಅವರೇ.

“ಬ್ಯಾರೇದವರಿಗೆ ಹೇಳ್ರಿ. ನನ್ನ ಕಡಿಂದ ಆಗೂದಿಲ್ಲ,” ಎಂದರು ಗುತ್ತೆಪ್ಪ.

“ಯಾಕ ಆಗೂದಿಲ್ರಿ? ಮೊದಲ ಒಂದು ಸವಣೂರ ಎಲಿ ಹಾಕ್ಕೋರಿ, ಧೈರ್ಯ ಬರತೈತಿ,” ಎಂದು ಉಳಿವೆಪ್ಪನವರು ತಾವೇ ಎಲೆ ಮಡಚಿಕೊಟ್ಟರು. ಸುಣ್ಣವನ್ನು ಗೋಡೆಗೆ ಬಳಿದಂತೆ ಬಳಿದಿದ್ದರು. ಗುತ್ತೆಪ್ಪನವರ ನಾಲಗೆ ಸುಟ್ಟು ಬದನೆಕಾಯಿಯಾಯಿತು.

“ಈಗ ಹಿತ್ತಲದಾಗ ನಿಂತು ಹತ್ತು ಸಲ ಗಟ್ಯಾಗಿ ಹೇಳ್ರಿ. ಇದ್ದಬಿದ್ದ ಅಳು ಎಲ್ಲಾ ಅಲ್ಲೇ ಖಾಲಿ ಆಕೈತಿ.”

ಬೇರೆ ದಾರಿ ಕಾಣದೆ ಗುತ್ತೆಪ್ಪನವರು ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ನಿಂತರು. “ಪೂಜ್ಯ ಜಮಾಲಸಾಬ ಗುರುಗಳೇ, ನಮ್ಮನ್ನೆಲ್ಲ ತಬ್ಬಲಿ ಮಾಡಿ ಹೊರಟಿರಾ...” ಎನ್ನುವಷ್ಟರಲ್ಲಿ ಕಟ್ಟೆ ಒಡೆಯಿತು. ಸುಟ್ಟ ನಾಲಗೆ ಬೇರೆ. ಮುಂದಿನ ಮಾತೆಲ್ಲ ಗೋಳಾಟವಾಗಿ ಹೊರಬಿತ್ತು.

ಗೋಡೆಯಾಚೆ ಕುಳ್ಳು ತಟ್ಟುತ್ತಿದ್ದ ಯಂಕವ್ವ ಮುದುಕಿ ಇದನ್ನು ಕೇಳಿಸಿಕೊಂಡಳು. ಸೆಗಣಿ ಕೈಯಲ್ಲೇ ಎದ್ದು ಓಣಿ ಹಿಡಿದಳು. ಅರ್ಧ ತಾಸಿನೊಳಗೆ ಜಮಾಲಸಾಬರ ಮನೆಯ ಮುಂದೆ ಇಪ್ಪತ್ತು ಮಂದಿ ಮೋರೆ ಸಣ್ಣದು ಮಾಡಿಕೊಂಡು ನಿಂತಿದ್ದರು. ಬಾಗಿಲು ತೆಗೆದವರು ಜಮಾಲಸಾಬರೇ.

ಹತ್ತು ಗಂಟೆಗೆ ಅವರು ಕೊಡೆ ಊರುತ್ತ ಗುತ್ತೆಪ್ಪನ ಮನೆಗೆ ಬಂದರು.

“ಏನೋ ಗುತ್ಯಾ, ನನ್ನ ಕಳಸೂದು ಸಂಜಿಗೆ ಇಟ್ಟಿದ್ರು. ನೀ ಮುಂಜಾನೇನ ಕಳಿಸಿಬಿಟ್ಟೆಲ್ಲ?”

ಗುತ್ತೆಪ್ಪ ತಲೆ ತಗ್ಗಿಸಿದರು. “ತಡಕೊಳ್ಳಾಕ ಆಗವಲ್ದ್ರಿ ಸರ. ನಿಮ್ಮ ಹೆಸರು ತಗೊಂಡ್ರ ಸಾಕು...”

ಜಮಾಲಸಾಬರು ಕಟ್ಟೆಯ ಮೇಲೆ ಕೂತು ಕೊಡೆಯನ್ನು ಗೋಡೆಗೆ ಆನಿಸಿದರು. “ಒಂದು ಹೇಳತೇನಿ ಕೇಳು. ಬಾಯಾಗ ಭಾಷಣ ಮಾಡು, ಮನಸಿನ್ಯಾಗ ಹತ್ತೊಂಬತ್ತರ ಮಗ್ಗಿ ಹೇಳಿಕೋ. ಮಗ್ಗಿ ಹೇಳೋ ಮನಸಿಗೆ ಅಳಾಕ ಪುರಸೊತ್ತು ಇರೂದಿಲ್ಲ. ನಮ್ಮಪ್ಪನ್ನ ಮಣ್ಣು ಮಾಡಿದ ದಿವಸ ನಾ ಹಂಗ ತಡಕೊಂಡೆ.”

ಸಂಜೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ನೆರೆದಿತ್ತು. ಗುತ್ತೆಪ್ಪ ಮಾಸ್ತರರು ಎದ್ದು ನಿಂತರು. ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು ಎಂದುಕೊಂಡರು.

ಮಗ್ಗಿ ಪವಾಡವನ್ನೇ ಮಾಡಿತು. “ಅಪ್ಪ ಸತ್ತಾಗ ನನ್ನ ಕೈ ಹಿಡಿದು ಶಾಲೆಗೆ ತಂದವರು ಇವರು. ಆ ತಾಯಿ ಹಾಕಿದ ರೊಟ್ಟಿಯಿಂದ ನಾನು ಮನುಷ್ಯನಾದೆ,” ಎಂಬ ಮಾತುಗಳನ್ನು ಅವರು ಹಾಜರಿ ಕೂಗಿದಷ್ಟು ಸಲೀಸಾಗಿ ಹೇಳಿದರು. ಕಣ್ಣು ಸುಣ್ಣದ ಕಲ್ಲಿನ ಹಾಗೆ ಒಣಗಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಮೀದುನ್ನೀಸಾ ಮೊದಲೇ ಸೆರಗಿನ ತುದಿಯನ್ನು ಕಣ್ಣಿನ ಹತ್ತಿರ ಒಯ್ದು ಕಾಯುತ್ತಿದ್ದಳು. ಕಾದು ಕಾದು ಕೆಳಗೆ ಬಿಟ್ಟಳು.

“ಆ ಮನಿ ರೊಟ್ಟಿ ತಿಂದು ಬೆಳದಾನ. ಒಂದ ಹನಿ ಬರಲಿಲ್ಲ ನೋಡ,” ಎಂದಳು ಹೆಂಗಸರ ನಡುವಿನಿಂದ ಒಬ್ಬಳು.

“ಮುಂಜಾನೆ ಎಮ್ಮಿ ಮುಂದ ಅತ್ತಾನ. ಇಲ್ಲೇನ ಬಂದೈತಿ ಧಾಡಿ?” ಎಂದಳು ಯಂಕವ್ವ, ಎಲ್ಲರಿಗೂ ಕೇಳುವಂತೆ.

ಗುತ್ತೆಪ್ಪನವರಿಗೂ ಕೇಳಿಸಿತು. ಅತ್ತರೆ ಒಂದು ಮಾತು, ಅಳದಿದ್ದರೆ ಇನ್ನೊಂದು. ಮೈಯೆಲ್ಲ ಉರಿದರೂ, ಗಂಡಾಂತರ ಕಳೆಯಿತಲ್ಲ ಎಂದು ನೂರಾ ತೊಂಬತ್ತಕ್ಕೆ ಮಗ್ಗಿ ಮುಗಿಸಿ ಕೂತುಬಿಟ್ಟರು. ಜಮಾಲಸಾಬರು ಎರಡೇ ಮಾತಿನಲ್ಲಿ ಎಲ್ಲರಿಗೂ ಕೈ ಮುಗಿದು, ವೇದಿಕೆ ಇಳಿದು ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತರು.

ಉಳಿವೆಪ್ಪನವರು ಗುತ್ತೆಪ್ಪನ ಕಿವಿಯಲ್ಲಿ ಪಿಸುಗುಟ್ಟಿದರು: “ಹೊಸಾ ಹೆಡ್‌ಮಾಸ್ತರ ಚನ್ನವೀರಪ್ಪನವರು ರಟ್ಟೀಹಳ್ಳಿಂದ ಬಂದಾರ. ಹೆಂಗೂ ನಿಮಗ ಧೈರ್ಯ ಬಂದೈತಿ. ಸ್ವಾಗತದ್ದು ಎರಡು ಮಾತು ಹೇಳಿ ಈ ಹಾರ ಹಾಕಿಬಿಡ್ರಿ.”

ಸ್ವಾಗತಕ್ಕೆ ಯಾರಾದರೂ ಹೆದರುತ್ತಾರೆಯೆ? ಅದಕ್ಕೆ ಮಗ್ಗಿಯ ಹಂಗೇಕೆ? ಗುತ್ತೆಪ್ಪನವರು ಹಾರ ಹಿಡಿದು ನಗುನಗುತ್ತ ತಿರುಗಿದರು. ಜಮಾಲಸಾಬರ ಕುರ್ಚಿಯಲ್ಲಿ ಯಾರೋ ದಪ್ಪನೆಯ ಮನುಷ್ಯ ಕೂತಿದ್ದ.

“ನಮ್ಮ ಶಾಲೆಗೆ ಬಂದ...” ಎಂದರು. ಅಷ್ಟೇ.

ಮಗ್ಗಿಯಿಂದ ಕಟ್ಟಿ ಹಾಕಿದ್ದ ಅಳು ಒಮ್ಮೆಲೇ ನುಗ್ಗಿತು. ಗುತ್ತೆಪ್ಪ ಮಾಸ್ತರರು ಹಾರವನ್ನು ಎದೆಗೆ ಅವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅದನ್ನು ನೋಡಿ ಹಮೀದುನ್ನೀಸಾ ಅತ್ತಳು. ಅವಳನ್ನು ನೋಡಿ ಯಂಕವ್ವ ದನಿ ತೆಗೆದಳು. ಕಡೆಗೆ ಸಭೆಗೆ ಸಭೆಯೇ ಗೊಳೋ ಎಂದಿತು. ಹಾರಕ್ಕೆಂದು ಕೊರಳು ಬಗ್ಗಿಸಿದ್ದ ಚನ್ನವೀರಪ್ಪನವರು ಬಗ್ಗಿಸಿಕೊಂಡೇ ಇದ್ದರು. ಕೊರಳು ನೋಯತೊಡಗಿದಾಗ ಹಾರವನ್ನು ತಾವೇ ಕಿತ್ತುಕೊಂಡು ಹಾಕಿಕೊಂಡರು.

“ನಾ ಬಂದದ್ದು ಊರಿಗೆ ಇಷ್ಟು ದುಃಖ ಅಂತ ಗೊತ್ತಿರಲಿಲ್ಲ,” ಎಂದರು ಮೆಲ್ಲಗೆ. “ಮಾಸ್ತರ, ಯಾವ ಇಯತ್ತೆ ಕಲಸ್ತೀರಿ?”

“ನಾ... ನಾಕನೇದ್ರಿ,” ಎಂದರು ಗುತ್ತೆಪ್ಪ ಬಿಕ್ಕುತ್ತ.

“ನಾಳಿಂದ ಒಂದನೇದು ತಗೋರಿ. ಅಲ್ಲೆ ಎಲ್ಲಾರೂ ಅಳವರ ಅದಾರ.”