ಸೊಂಟದ ಮೇಲೆ ನಿಂತ ಒಪ್ಪಂದ

ಕೈಜಾರಿದ ಸಾಬೂನನ್ನು ಎತ್ತಿಕೊಳ್ಳಲು ಬಗ್ಗಿದ ಮನುಷ್ಯ ಮತ್ತೆ ನೆಟ್ಟಗಾಗುವುದು ಸೃಷ್ಟಿಯ ಸಾಮಾನ್ಯ ನಿಯಮ. ಆ ಸೋಮವಾರ ಬೆಳಿಗ್ಗೆ ಆರೂವರೆಗೆ ಬಚ್ಚಲುಮನೆಯಲ್ಲಿ ಬಗ್ಗಿದ ಬಾಗಿಲಣ್ಣನ ಪಾಲಿಗೆ ಆ ನಿಯಮ ಜಾರಿಗೆ ಬರಲಿಲ್ಲ. ಸೊಂಟದೊಳಗೆ ಎಲ್ಲೋ ‘ಕಳಕ್’ ಎಂದಿತು. ಸಾಬೂನು ಕೈಗೆ ಬಂತು. ಬೆನ್ನು ಮಾತ್ರ ಮೇಲೆ ಬರಲೊಲ್ಲೆನೆಂದು ಹಟ ಹಿಡಿಯಿತು.

“ರೀ, ಇಷ್ಟೊತ್ತು ಒಳಗೆ ಏನ್ ಮಾಡ್ತಿದೀರಿ?” ಎಂದು ಹೆಂಡತಿ ಹೊರಗಿನಿಂದ ಕೂಗಿದಳು.

“ಬಗ್ಗಿದೀನಿ.”

“ಯಾಕೆ?”

“ಏಳಕ್ಕಾಗ್ತಿಲ್ಲ ಕಣೇ, ಅದಕ್ಕೆ.”

ಅವಳು ಅವನನ್ನು ಮಡಿಸಿದ ಕುರ್ಚಿಯಂತೆ ಹೊರಗೆ ತರುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ತರು ಕರೆಯದೆಯೇ ಹಾಜರಾದರು. ಮೂವತ್ತು ವರ್ಷ ಪರರ ಕಾಗದಗಳ ಮೇಲೆ ಮುದ್ರೆ ಒತ್ತಿದ ಆ ಕೈಗಳಿಗೆ, ನಿವೃತ್ತಿಯ ನಂತರ ಒತ್ತಲು ಏನಾದರೊಂದು ಬೇಕಾಗಿತ್ತು. ಅವರು ಬಾಗಿಲಣ್ಣನ ಬೆನ್ನಿಗೆ ಮೊಣಕಾಲು ಕೊಟ್ಟು, ಹೆಗಲು ಹಿಡಿದು, ದೇವರ ಹೆಸರು ಹೇಳಿ ಒಮ್ಮೆ ತಿರುಚಿದರು.

“ಈಗ ಹೇಗಿದೆ?”

“ಮೊದಲು ನೆಲ ಕಾಣಿಸ್ತಿತ್ತು ಮಾಸ್ತರೇ. ಈಗ ಗೋಡೆ ಕಾಣಿಸ್ತಿದೆ.”

“ಅಂದ್ರೆ ಸುಧಾರಿಸಿದೆ!” ಎಂದು ಮಾಸ್ತರು ಕೈ ಒರೆಸಿಕೊಂಡರು.

“ಇವತ್ತೊಂದಿನ ರಜ ಹಾಕಿ” ಎಂದಳು ಹೆಂಡತಿ.

“ಇವತ್ತಾ? ಇವತ್ತು ನನ್ನ ಹೆಣ ಆದ್ರೂ ಕಾರ್ಖಾನೆಗೆ ಹೋಗ್ಬೇಕು.”

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ ಇತ್ತು. ಅವನು ಕೆಲಸ ಮಾಡುತ್ತಿದ್ದುದು ದೇಶದ ಹಳೆಯ ಕಾರು ಕಾರ್ಖಾನೆಯಲ್ಲಿ. ಒಂದು ಕಾಲದಲ್ಲಿ ಜನ ಹೆಸರು ಬರೆಸಿ ಎರಡೆರಡು ವರ್ಷ ಕಾದು ಕೊಳ್ಳುತ್ತಿದ್ದ ಆ ಕಾರನ್ನು ಈಗ ಪುಕ್ಕಟೆ ಕೊಟ್ಟರೂ ನಿಲ್ಲಿಸಲು ಜಾಗವಿಲ್ಲವೆನ್ನುತ್ತಿದ್ದರು. ಮುಳುಗುವವನಿಗೆ ಕಂಡ ಹಗ್ಗದಂತೆ ಎರಡು ವಿದೇಶಿ ಕಂಪನಿಗಳು ಮೈತ್ರಿಯ ಮಾತೆತ್ತಿದ್ದವು. ಅವರ ಹಿರಿಯರು ಇಂದು ಹನ್ನೊಂದಕ್ಕೆ ಬಂದು, ಹೊಸ ಮಾದರಿಯ ಕಾರನ್ನು ನೋಡಿ, ಸಂಜೆಯೊಳಗೆ ಹೌದು ಅಥವಾ ಇಲ್ಲ ಎನ್ನುವವರಿದ್ದರು. ಇಲ್ಲ ಎಂದರೆ ಸಾವಿರದ ಎಂಟುನೂರು ಮನೆಗಳ ಒಲೆ ಆರಿದಂತೆ.

ಇದಕ್ಕೂ ಬಾಗಿಲಣ್ಣನ ಸೊಂಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿತ್ತು, ನಾಚಿಕೆಗೇಡಿನ ಸಂಬಂಧ.

ಅವನು ಬಾಗಿಲುಗಳ ಪರೀಕ್ಷಕ. ತಯಾರಾದ ಪ್ರತಿ ಕಾರಿನ ಬಾಗಿಲನ್ನು ತೆಗೆದು, ಮುಚ್ಚಿ, ಸದ್ದು ಆಲಿಸಿ, ‘ಸರಿಯಾಗಿದೆ’ ಎಂದು ಸಹಿ ಮಾಡಿ ಗಾಜಿಗೆ ಚೀಟಿ ಅಂಟಿಸುವುದು ಅವನ ಕೆಲಸ. ಆದರೆ ಹಿಂದಿನ ಎಡಬಾಗಿಲಿನ ತಗಡನ್ನು ಒತ್ತುವ ಅಚ್ಚು ಇಪ್ಪತ್ತೆರಡು ವರ್ಷಗಳ ಹಿಂದೆಯೇ ಸವೆದುಹೋಗಿತ್ತು. ಬಾಗಿಲು ಸೊಟ್ಟಗೆ ಹುಟ್ಟುತ್ತಿತ್ತು, ಮುಚ್ಚುತ್ತಿರಲಿಲ್ಲ. ಹೊಸ ಅಚ್ಚು ಬೇಕೆಂದು ಅವನು ಮೂರು ಬಾರಿ ಬರೆದ. ಮೂರು ಬಾರಿಯೂ ಉತ್ತರ ಬರಲಿಲ್ಲ. ನಾಲ್ಕನೆಯ ಬಾರಿ ಬರೆಯುವ ಬದಲು, ಸಿಟ್ಟಿನಲ್ಲಿ ಬಾಗಿಲನ್ನು ಸೊಂಟದಿಂದ ಒಮ್ಮೆ ಗುದ್ದಿದ. ತಗಡು ‘ಧಪ್’ ಎಂದು ಸರಿಯಾಗಿ ಕುಳಿತುಬಿಟ್ಟಿತು! ಗ್ಯಾರಂಟಿಯ ಅವಧಿ ಮುಗಿಯುವವರೆಗೂ ಹಾಗೆಯೇ ಕುಳಿತಿರುತ್ತಿತ್ತು. ಆಮೇಲೆ ಮತ್ತೆ ಸೊಟ್ಟಗಾಗುತ್ತಿತ್ತು. ತಪ್ಪು ಮೊದಲ ದಿನ ತಪ್ಪೆಂದೇ ಕಾಣುತ್ತದೆ. ದಿನವೂ ಮಾಡಿದರೆ ಅಭ್ಯಾಸವಾಗುತ್ತದೆ. ಇನ್ನೂ ಬಹಳ ಕಾಲ ಮಾಡಿದರೆ ಅದನ್ನು ಕೌಶಲವೆಂದು ಕರೆಯುವವರು ಹುಟ್ಟಿಕೊಳ್ಳುತ್ತಾರೆ. ಬಾಗಿಲಣ್ಣ ಎಂಬ ಮುದ್ದಿನ ಹೆಸರು ಅವನಿಗೆ ಬಂದದ್ದು ಹೀಗೆ.

ಒಮ್ಮೆ ಮಳೆಗಾಲದಲ್ಲಿ ಒಬ್ಬ ತಂದೆ ತೊಯ್ದು ತೊಪ್ಪೆಯಾದ ಮಗಳನ್ನೂ ಅವಳ ನೆನೆದ ಪುಸ್ತಕಗಳನ್ನೂ ಹೊತ್ತು ಕಾರ್ಖಾನೆಯ ಗೇಟಿಗೆ ಬಂದು, “ಬಾಗಿಲಿಗೆ ಸಹಿ ಹಾಕಿದ ಮಹಾನುಭಾವ ಯಾರ್ರೀ?” ಎಂದು ಕೂಗಾಡಿದ್ದ. ಮಹಾನುಭಾವ ಕಾವಲುಗಾರನ ಕೋಣೆಯಲ್ಲಿ, ನೇತುಹಾಕಿದ ರೈನ್‌ಕೋಟಿನ ಹಿಂದೆ ಅಡಗಿ ನಿಂತಿದ್ದ. ಆ ಹುಡುಗಿ ಸೀನಿದ್ದು ಅವನಿಗೆ ಇಂದಿಗೂ ಕೇಳಿಸುತ್ತದೆ.

ಕಾರ್ಖಾನೆಯ ಬಸ್ಸಿನಲ್ಲಿ ಕುಳಿತುಕೊಳ್ಳಲಾಗದೆ, ನಿಂತರೂ ಕೈ ಕಂಬಿಗೆ ಎಟುಕದೆ, ಪ್ರಶ್ನಾರ್ಥಕ ಚಿಹ್ನೆಯಂತೆ ಬಂದಿಳಿದವನನ್ನು ನೋಡಿ ಮ್ಯಾನೇಜರರ ಮುಖ ಬಿಳುಚಿಕೊಂಡಿತು.

“ಏನ್ರೀ ಇದು ಅವತಾರ?”

“ಸೊಂಟ ಉಳುಕಿದೆ ಸಾರ್.”

“ಸೊಂಟಾನಾ? ಕಾಲು ಮುರ್ಕೊಳ್ಳಿ, ಕೈ ಮುರ್ಕೊಳ್ಳಿ, ನಾನು ಕೇಳಲ್ಲ. ಇರೋದೆಲ್ಲ ಬಿಟ್ಟು ಸೊಂಟಾನೇ ಯಾಕ್ರೀ ಉಳುಕಿಸ್ಕೊಂಡ್ರಿ? ಹೊಸ ಕಾರು ಈಗ ತಾನೆ ಬಣ್ಣ ಒಣಗಿ ಬಂದಿದೆ. ಹಿಂದಿನ ಬಾಗಿಲು ಅದೇ ಹಳೇ ಅಚ್ಚಿಂದು, ಬಾಯಿ ಬಿಟ್ಕೊಂಡು ನಿಂತಿದೆ!”

“ಸಾರ್, ನಿಜ ಹೇಳ್ಬಿಡೋಣ...”

“ನಿಜಾನಾ?” ಮ್ಯಾನೇಜರರು ಆ ಪದವನ್ನು ಮೊದಲ ಬಾರಿಗೆ ಕೇಳಿದವರಂತೆ ಸುತ್ತ ನೋಡಿದರು. “ಸಾವಿರದ ಎಂಟುನೂರು ಜನರ ಅನ್ನದ ಪ್ರಶ್ನೆ ಇದು. ಇನ್ನೊಂದು ಗಂಟೆ ಇದೆ. ಬೇರೆ ಯಾರಿಗಾದ್ರೂ ಕಲಿಸಿ.”

ಮೊದಲ ಶಿಷ್ಯನಾಗಿ ಬಂದವನು ಬಣ್ಣದ ಮಾವ. ಬಣ್ಣ ಬಳಿಯುವ ವಿಭಾಗದ ಈ ಹಿರಿಯ, ಎಲ್ಲರಿಗೂ ಮಾವ, ಒಣಕಲು ದೇಹ.

“ಹಿಡಿಕೆ ಎರಡು ಬೆರಳಷ್ಟು ಮೇಲಕ್ಕೆತ್ತಿ, ಮೆತ್ತಗೆ ತಳ್ಳಿ, ಕೊನೇಗೆ ಸೊಂಟ ಕೊಡಿ” ಎಂದು ಬಾಗಿಲಣ್ಣ ಬಗ್ಗಿದಲ್ಲಿಂದಲೇ ಬೋಧಿಸಿದ.

“ಎಲ್ಲಯ್ಯ ಕೊಡ್ಲಿ? ನನಗೆ ಎದೆ ಮುಗಿದ ತಕ್ಷಣ ಕಾಲು ಶುರುವಾಗುತ್ತೆ” ಎನ್ನುತ್ತಲೇ ಮಾವ ಗುದ್ದಿದ. ಬಾಗಿಲು ಅಲುಗಲಿಲ್ಲ, ಮಾವ ಪುಟಿದು ಹೋಗಿ ಖಾಲಿ ಡಬ್ಬಗಳ ರಾಶಿಯ ಮೇಲೆ ಕುಳಿತ.

“ಸರೀರಿ ಮಾವ, ಇದು ಗಂಡಸರ ಕೆಲಸ ಅಲ್ಲ” ಎಂದು ಸೀಟಿನಕ್ಕ ಸೆರಗು ಬಿಗಿದು ಮುಂದೆ ಬಂದಳು. ಸೀಟುಗಳ ಹೊದಿಕೆ ಹೊಲಿಯುವ ಗಟ್ಟಿ ಹೆಂಗಸು. ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಈ ಸಂಬಳದಲ್ಲೇ ಓದಿಸುತ್ತಿದ್ದವಳು. ಅವಳ ಗುದ್ದಿಗೆ ಇಡೀ ಕಾರು ನಡುಗಿತು. ಎಡಬಾಗಿಲು ಇದ್ದಂತೆಯೇ ಇತ್ತು. ಆದರೆ ಆಚೆ ಕಡೆಯ, ಇದುವರೆಗೆ ಯಾರ ಗೊಡವೆಗೂ ಹೋಗದಿದ್ದ ಮುಂದಿನ ಬಲಬಾಗಿಲು ತಾನಾಗಿ ತೆರೆದುಕೊಂಡು, ಅದರ ಕನ್ನಡಿ ಕಳಚಿ ನೆಲಕ್ಕೆ ಬಿತ್ತು.

“ಅಕ್ಕ, ಮುಚ್ಚಿ ಅಂದ್ರೆ ತೆಗೀತೀರಲ್ಲ!” ಎಂದು ಮ್ಯಾನೇಜರರು ತಲೆಯ ಮೇಲೆ ಕೈ ಹೊತ್ತರು.

“ನಮ್ಮ ಕಾರಿನ ಬುದ್ಧಿ ನಮಗೇ ತಿಳೀದಿದ್ರೆ ಫಾರಿನ್‌ನೋರಿಗೆ ಹೆಂಗೆ ತಿಳೀಬೇಕು ಸಾರ್?” ಎಂದು ಅವಳು ಕನ್ನಡಿಯನ್ನು ಗೋಂದು ಹಚ್ಚಿ ಅಂಟಿಸತೊಡಗಿದಳು.

ಅಷ್ಟರಲ್ಲಿ, ಹನ್ನೊಂದಕ್ಕೆ ಬರಬೇಕಾದ ಅತಿಥಿಗಳು ಹತ್ತೂವರೆಗೇ ಬಂದರು. ಹೊತ್ತಿಗೆ ಮೊದಲೇ ಬರುವ ಜನರೂ ಉಂಟೆಂಬುದು ಆ ಕಾರ್ಖಾನೆಗೆ ಅನುಭವಕ್ಕೆ ಬಂದದ್ದು ಅಂದೇ.

“ಚೀಟಿಗೆ ಸಹಿ ಹಾಕಿ ಅಂಟಿಸ್ಬಿಡಿ. ಬಾಗಿಲ ಹತ್ರ ನಿಂತ್ಕೊಳ್ಳಿ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ. ಬಾಯಿಗೆ ಬೀಗ!” ಎಂದು ಪಿಸುಗುಟ್ಟಿ ಮ್ಯಾನೇಜರರು ನಗುಮುಖ ತೊಟ್ಟು ಓಡಿದರು.

ಎರಡು ಕಂಪನಿಗಳ ಇಬ್ಬರು ವೃದ್ಧ ಅಧ್ಯಕ್ಷರು, ಕನ್ನಡಕದ ಒಬ್ಬ ಮಹಿಳಾ ಇಂಜಿನಿಯರು, ಒಬ್ಬ ದುಭಾಷಿ. ಕಾರಿನ ಪಕ್ಕದಲ್ಲಿ ಅರ್ಧಕ್ಕೆ ಬಗ್ಗಿ ನಿಂತ ಮನುಷ್ಯನನ್ನು ಕಂಡು ಅಧ್ಯಕ್ಷರಿಬ್ಬರ ಕಣ್ಣು ಅರಳಿತು. ಇಂಥ ವಿನಯವನ್ನು ಅವರು ಎಲ್ಲೂ ಕಂಡಿರಲಿಲ್ಲ. ಮರ್ಯಾದೆಗೆ ಮರ್ಯಾದೆ ಎಂದು ಅವರೂ ಬಗ್ಗಿದರು, ಎದ್ದರು. ನೋಡಿದರೆ ಇವನು ಇನ್ನೂ ಎದ್ದಿಲ್ಲ! ತಾವು ಅವಸರಪಟ್ಟೆವೆಂದು ಮತ್ತೆ ಬಗ್ಗಿದರು. ಅವರು ಬಗ್ಗಿದ್ದು ಕಂಡು ಮ್ಯಾನೇಜರರು ಬಗ್ಗಿದರು. ಮ್ಯಾನೇಜರರೇ ಬಗ್ಗಿದ ಮೇಲೆ ನಮ್ಮದೇನೆಂದು ಸಾಲಿನಲ್ಲಿದ್ದ ಇನ್ನೂರು ಕೆಲಸಗಾರರೂ ಬಗ್ಗಿದರು. ಮೊದಲು ಯಾರು ಏಳಬೇಕೆಂಬುದು ತಿಳಿಯದೆ ಇಡೀ ಕಾರ್ಖಾನೆ ನೆಲದಲ್ಲಿ ಕಳೆದ ಸೂಜಿ ಹುಡುಕುವಂತೆ ನಿಂತಿತು.

ಬಗ್ಗದೆ ಉಳಿದವಳು ಇಂಜಿನಿಯರಮ್ಮ ಒಬ್ಬಳೇ. ಅವಳು ನೇರವಾಗಿ ಬಂದು ಹಿಂದಿನ ಎಡಬಾಗಿಲನ್ನು ಹಿಡಿದು ಮುಚ್ಚಿದಳು.

ಅದು ಮುಚ್ಚಲಿಲ್ಲ. ಮತ್ತೊಮ್ಮೆ ಮುಚ್ಚಿದಳು. ಬಾಗಿಲು ತನ್ನನ್ನು ಯಾರೋ ಕರೆದರೆಂಬಂತೆ ನಿಧಾನವಾಗಿ ಹಿಂದಕ್ಕೆ ಬಂತು.

“ಅದು ಗಾಳಿಯಾಡಕ್ಕೆ ಮಾಡಿರೋ ವಿಶೇಷ ವ್ಯವಸ್ಥೆ!” ಎಂದು ಮ್ಯಾನೇಜರರು ಬಗ್ಗಿದಲ್ಲಿಂದಲೇ ಕೂಗಿದರು. ದುಭಾಷಿ ಅನುವಾದಿಸಿದ. ಇಂಜಿನಿಯರಮ್ಮ ಗಾಜಿನ ಮೇಲಿನ ಚೀಟಿ ತೋರಿಸಿ ಏನೋ ಕೇಳಿದಳು.

“ಸರಿಯಾಗಿದೆ ಅಂತ ಇದಕ್ಕೆ ಸಹಿ ಹಾಕಿದವರು ಯಾರು ಅಂತ ಕೇಳ್ತಿದಾರೆ” ಎಂದ ದುಭಾಷಿ.

ಬಾಗಿಲಣ್ಣನ ಕಿವಿ ಸುಡತೊಡಗಿತು. ಅದೇ ಪ್ರಶ್ನೆ, ಆದರೆ ಈ ಸಲ ಅಡಗಿಕೊಳ್ಳಲು ಏನೂ ಇರಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು.

“ನಾನಮ್ಮ” ಎಂದ ಅವನು. “ಅದು ಗಾಳಿಗೆ ಮಾಡಿದ್ದಲ್ಲ. ಬಾಗಿಲೇ ಮುಚ್ಚಲ್ಲ. ಅಚ್ಚು ಸವೆದು ಇಪ್ಪತ್ತೆರಡು ವರ್ಷ ಆಯ್ತು. ಸೊಂಟದಿಂದ ಗುದ್ದಿ ಕೂರಿಸ್ತೀನಿ. ಗ್ಯಾರಂಟಿ ಮುಗಿಯೋತನಕ ನಿಲ್ಲುತ್ತೆ, ಆಮೇಲೆ ಮಕ್ಕಳ ಮೈಮೇಲೆ ಮಳೆ ಬೀಳುತ್ತೆ. ಗೊತ್ತಿದ್ದೂ ಸಹಿ ಹಾಕ್ದೆ. ನಂಗೆ ನಾಚ್ಕೆ ಆಗುತ್ತಮ್ಮ. ದಿನಾ ಆಗುತ್ತೆ.”

ದುಭಾಷಿ ಒಂದೊಂದೇ ಮಾತನ್ನು ದಾಟಿಸಿದ. ಸೀಟಿನಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. “ಮುಗೀತು! ಎಲ್ಲಾ ಮುಗೀತು!” ಎಂದು ಮ್ಯಾನೇಜರರು ಅಲ್ಲೇ ಕುಸಿದರು.

ಇಂಜಿನಿಯರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಒಂದು ಮಾತು ಹೇಳಿದಳು.

“ಮಾಡಿ ತೋರಿಸಿ ಅಂತಿದಾರೆ” ಎಂದ ದುಭಾಷಿ.

ಬಾಗಿಲಣ್ಣ ಹಲ್ಲು ಕಚ್ಚಿದ. ಹಿಡಿಕೆ ಎತ್ತಿದ, ತಳ್ಳಿದ, ಕೊನೆಗೆ ಪ್ರಾಣವನ್ನೆಲ್ಲ ಸೊಂಟಕ್ಕೆ ತಂದು ಗುದ್ದಿದ. ‘ಧಪ್!’ ಬಾಗಿಲು ಕುಳಿತಿತು. ಅವನ ಕಣ್ಣಲ್ಲಿ ನಕ್ಷತ್ರಗಳು ಮೂಡಿದವು. ಇಂಜಿನಿಯರಮ್ಮ ಬಾಗಿಲನ್ನು ಕಿರುಬೆರಳಿನಿಂದ ತೆಗೆದು ಮುಚ್ಚಿದಳು, ತೆಗೆದು ಮುಚ್ಚಿದಳು, ಹನ್ನೊಂದು ಬಾರಿ. ಆಮೇಲೆ ಅತಿಥಿಗಳು ಸಭೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದಾದ ಮೇಲಿನ ಐದು ಗಂಟೆಗಳ ಕಾಲ ಬಾಗಿಲಣ್ಣನ ಹತ್ತಿರ ಯಾರೂ ಸುಳಿಯಲಿಲ್ಲ. “ನಿಜ ಹೇಳಕ್ಕೆ ಬೇರೆ ದಿನ ಸಿಗ್ಲಿಲ್ವೇನಯ್ಯ ನಿಂಗೆ?” ಎಂದು ಮಾವ ಹಲುಬಿದ. ಸೀಟಿನಕ್ಕ ಮಕ್ಕಳ ಶಾಲೆಗೆ ಫೋನು ಮಾಡಿ ಫೀಸಿಗೆ ಗಡುವು ಕೇಳುತ್ತಿದ್ದುದು ಅವನಿಗೆ ಕೇಳಿಸಿತು. ಆದರೂ, ನೋವಿನ ನಡುವೆ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಎದೆ ಹಗುರವಾಗಿತ್ತು. ಆ ಹಗುರಕ್ಕೇ ಅವನಿಗೆ ಮತ್ತೆ ನಾಚಿಕೆಯಾಯಿತು.

ನಾಲ್ಕು ಗಂಟೆಗೆ ಮ್ಯಾನೇಜರರು ಓಡಿಬಂದು ಅವನನ್ನು ತಬ್ಬಿಕೊಂಡರು. ಬೆನ್ನು ಮತ್ತೊಮ್ಮೆ ‘ಕಳಕ್’ ಎಂದಿತು.

“ಬಾಗಿಲಣ್ಣಾ! ಒಪ್ಪಿದ್ರು ಕಣ್ರೀ! ನಿಮ್ಮಿಂದ್ಲೇ!”

“ನನ್ನ... ನಿಜದಿಂದಾನಾ ಸಾರ್?”

“ನಿಮ್ಮ ಸೊಂಟದಿಂದ! ಅವರ ಅಚ್ಚು ನಮ್ಮದಕ್ಕಿಂತ ಹಳೇದಂತೆ! ಅರವತ್ತು ಸಾವಿರ ಕಾರು ಬಾಗಿಲು ಮುಚ್ಚದೆ ಗೋದಾಮಲ್ಲಿ ನಿಂತಿವೆಯಂತೆ. ಹೊಸ ಅಚ್ಚು ಹಾಕೋ ತ್ರಾಣ ಅವರಿಗೂ ಇಲ್ಲ. ಎಲ್ಲಾನೂ ಇಲ್ಲಿಗೆ ಕಳಿಸ್ತಾರಂತೆ. ಬಾಗಿಲು ಕೂರಿಸೋ ಹೊಸ ವಿಭಾಗ, ನಿಮ್ಮ ಕೈಕೆಳಗೆ ನಲವತ್ತು ಜನ, ಪ್ರತಿ ಕಾರಿಗೂ ನಿಮ್ಮದೇ ಸಹಿ. ನೀವು ಬೆಳಿಗ್ಗೆ ಹೇಳಿದ್ರಲ್ಲ, ಅದನ್ನ ಅಕ್ಷರ ಬಿಡದೆ ಬರೆಸಿ ‘ತಾಂತ್ರಿಕ ಜ್ಞಾನ’ ಅಂತ ಒಪ್ಪಂದಕ್ಕೆ ಲಗತ್ತಿಸಿದಾರೆ!”

ಪರದೇಶದವರೆಂದರೆ ಪ್ರಾಮಾಣಿಕತೆಯ ಪುತ್ಥಳಿಗಳೆಂದು ನಂಬಿ ತನ್ನ ಪಾಪವನ್ನು ಅವರ ಮುಂದೆ ಇಳಿಸಿದ ಆ ಬಡಪಾಯಿಗೆ, ಅದಕ್ಕೇ ಅವರು ಗಿರಾಕಿಗಳಾಗಿ ನಿಂತದ್ದು ಕಂಡು ಕಾವಲುಗಾರನ ಕೋಣೆಯ ರೈನ್‌ಕೋಟು ನೆನಪಾಯಿತು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆಯಾದರೆ ಲೋಕ ಅದಕ್ಕೆ ಮೈತ್ರಿಯೆಂದು ಹೂಮಾಲೆ ಹಾಕುತ್ತದೆ!

ಸಭೆಯ ಕೋಣೆಗೆ ಅವನನ್ನು ಇಬ್ಬರು ಎತ್ತಿಕೊಂಡೇ ಹೋದರು. ಅಧ್ಯಕ್ಷರು ಲೇಖನಿ ಹಿಡಿದು ಸಿದ್ಧರಾಗಿದ್ದರು. ಕಿಟಕಿಯ ಗಾಜಿಗೆ ಮೂಗು ಒತ್ತಿ ಮಾವ, ಸೀಟಿನಕ್ಕ, ಇನ್ನೂ ಎಷ್ಟೋ ಮುಖಗಳು. ಇಂಜಿನಿಯರಮ್ಮ ಕೈಯೆತ್ತಿ ಎಲ್ಲರನ್ನೂ ತಡೆದಳು.

“ಸಹಿಗೆ ಮೊದಲು ಒಂದು ಪ್ರಶ್ನೆ ಇದೆಯಂತೆ, ನಿಮಗೆ” ಎಂದ ದುಭಾಷಿ. “ಅವರಲ್ಲೂ ನಿಮ್ಮಂಥವರು ಒಬ್ಬರಿದ್ದರಂತೆ. ಒಂದು ದಿನ ನಾಚಿಕೆಯಾಗಿ ಕೆಲಸ ಬಿಟ್ಟು ಹೋದರಂತೆ. ಒಪ್ಪಂದ ಹತ್ತು ವರ್ಷದ್ದು. ಬೆಳಿಗ್ಗೆ ನೀವು ನಾಚಿಕೆ ಅಂದಿರಲ್ಲ, ಅದು ನಿಜವಾದ ನಾಚಿಕೆಯೋ, ಸುಮ್ಮನೆ ಮಾತಿಗೆ ಹೇಳಿದ್ದೋ? ನಿಜವಾದದ್ದಾದರೆ ಸಹಿ ಹಾಕೋದು ಕಷ್ಟ ಅಂತಾರೆ.”

ಮ್ಯಾನೇಜರರು ಕೈ ಮುಗಿದರು. ಗಾಜಿನಾಚೆ ಸೀಟಿನಕ್ಕನ ತುಟಿ ಅಲುಗುತ್ತಿತ್ತು; ಅವಳಿಗೆ ಒಳಗಿನ ಮಾತು ಕೇಳಿಸುತ್ತಿರಲಿಲ್ಲ.

ಬಾಗಿಲಣ್ಣ ತಲೆ ತಗ್ಗಿಸಿದ. ಸೊಂಟದ ದೆಸೆಯಿಂದ ಅದು ಆಗಲೇ ತಗ್ಗಿತ್ತು. ಇನ್ನೂ ತಗ್ಗಲು ಜಾಗವಿದೆಯೆಂದು ಅವನಿಗೆ ಅಂದು ಗೊತ್ತಾಯಿತು.

“ಸುಮ್ನೆ ಮಾತಿಗೆ ಹೇಳಿದ್ದಮ್ಮ” ಎಂದ.

ದುಭಾಷಿ ಅನುವಾದಿಸಿದ. ಅಧ್ಯಕ್ಷರಿಬ್ಬರೂ ನಕ್ಕು ಸಹಿ ಮಾಡಿದರು. ಕಿಟಕಿಯಾಚೆ ಜನ ಚಪ್ಪಾಳೆ ತಟ್ಟಿದರು.